ಹಳೆಯ ಎಂಜಿಬಿಗೆ ಪೆಟ್ರೋಲ್ ಸರಿಯಾಗಿ ಸಿಗುತ್ತಿಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಯಾವ ಎಂಜಿ? ಈಗ ರಸ್ತೆಯಲ್ಲಿ ಓಡಾಡುವ ಹೆಕ್ಟರ್ ಇದೆಯಲ್ಲ, ಅದಾ?

ಅಲ್ಲ, ಹೆಸರಷ್ಟೇ ಒಂದು. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಬಗ್ಗೆ. ಎರಡು ಸೀಟು, ಮಡಚುವ ಟಾಪು, ಉದ್ದನೆಯ ಬಾನೆಟ್ಟು. 1965ರಲ್ಲಿ ಗಟ್ಟಿ ಛಾವಣಿಯ ಜಿಟಿ ಕೂಡ ಬಂತು. ಎಲ್ಲ ಸೇರಿ 5 ಲಕ್ಷಕ್ಕೂ ಜಾಸ್ತಿ ಕಾರು ಹೊರಬಂದವು. ಹೆಚ್ಚಿನವು ಅಮೆರಿಕಕ್ಕೆ ಹೋದವು.

ಎಂಜಿನ್ 1798 ಸಿಸಿಯ ಬಿ ಸೀರೀಸ್. ಇದರ ಅಣ್ಣ ನಮಗೆಲ್ಲ ಗೊತ್ತಿರುವವನೇ. ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು. ಹಾಗಾಗಿ ಅಂಬಾಸಿಡರ್ ಬಿಚ್ಚಿ ಜೋಡಿಸಿದ ಹಳೆ ಮೇಸ್ತ್ರಿಗೆ ಈ ಎಂಜಿನ್ ಹೊಸದೇನಲ್ಲ. ಆದರೆ ಪೆಟ್ರೋಲ್ ಬರುವ ದಾರಿ ಮಾತ್ರ ಬೇರೆ. ಅಂಬಾಸಿಡರ್‌ನಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಎಂಜಿನ್ ತಿರುಗಿದರೆ ಅದೂ ಬಡಿಯುತ್ತದೆ. ಎಂಜಿಬಿಯಲ್ಲಿರುವುದು ಎಸ್‌ಯು ಹೆಸರಿನ ಕರೆಂಟ್ ಪಂಪು. ಅದೂ ಕಾರಿನ ಹಿಂಭಾಗದಲ್ಲಿ, ಬಲ ಹಿಂಚಕ್ರದ ಹತ್ತಿರ. ಮೇಸ್ತ್ರಿ ಬಾನೆಟ್ ಎತ್ತಿ ಪಂಪು ಹುಡುಕುತ್ತಾ ನಿಂತರೆ ಬೈಯಬೇಡಿ.

ಮೋರಿಸ್ ಮೈನರ್, ಹಳೆಯ ಜಾಗ್ವಾರ್ ಎಕ್ಸ್‌ಕೆ ಇಟ್ಟುಕೊಂಡವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ. ಅವುಗಳಲ್ಲೂ ಇದೇ ಜಾತಿಯ ಪಂಪು.

ಕೆಲಸ ಶುರು ಮಾಡುವ ಮುಂಚೆ ಏನು ನೋಡಿಕೊಳ್ಳಬೇಕು?

ಗಾಳಿ ಆಡುವ ಜಾಗದಲ್ಲಿ, ಸಾಧ್ಯವಾದರೆ ಹೊರಗಡೆ ಮಾಡಿ. ಬೀಡಿ ಸಿಗರೇಟು ಹತ್ತಿರ ಬರಬಾರದು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇರಲಿ. ಪೈಪು ಬಿಚ್ಚುವ ಮುಂಚೆ ಬ್ಯಾಟರಿ ವಯರ್ ತೆಗೆಯಿರಿ, ಪರೀಕ್ಷೆಗೆ ಬೇಕಾದಾಗ ಮಾತ್ರ ಹಾಕಿ. ಎಂಜಿನ್ ಬಿಸಿ ಇದ್ದರೆ ಕಾಯಿರಿ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್‌ಗಳ ಕೆಳಗೇ ಇದೆ. ಅದರ ಮೇಲೆ ಪೆಟ್ರೋಲ್ ಸುರಿದರೆ ಆಮೇಲೆ ಈ ಪ್ರಶ್ನೋತ್ತರದ ಅಗತ್ಯವೇ ಇರುವುದಿಲ್ಲ.

ನಿಜವಾಗಿಯೂ ಪೆಟ್ರೋಲಿನದೇ ತೊಂದರೆ ಅಂತ ಹೇಗೆ ಗೊತ್ತಾಗುತ್ತದೆ?

ಕಾರು ಹೇಗೆ ಸಾಯುತ್ತದೆ ಅನ್ನುವುದನ್ನು ಗಮನಿಸಿ. ಪೆಟ್ರೋಲ್ ಕಮ್ಮಿಯಾದರೆ ಅದು ನಿಧಾನಕ್ಕೆ ಸಾಯುತ್ತದೆ. ಮೊದಲು ಏರಿನಲ್ಲಿ ಎಳೆತ ಕಮ್ಮಿ, ಆಮೇಲೆ ಜರ್ಕು, ಕೆಮ್ಮು, ಕಾಲು ತೆಗೆದರೆ ಸ್ವಲ್ಪ ಚೇತರಿಕೆ, ಮತ್ತೆ ಒತ್ತಿದರೆ ಮತ್ತೆ ಕೆಮ್ಮು. ಫ್ಲೋಟ್ ಚೇಂಬರಿನಲ್ಲಿ, ಅಂದರೆ ಕಾರ್ಬೊರೇಟರಿನ ಪೆಟ್ರೋಲ್ ಬಟ್ಟಲಿನಲ್ಲಿ, ಉಳಿದಿರುವ ಪೆಟ್ರೋಲ್ ಖಾಲಿಯಾಗುವ ರೀತಿ ಅದು. ಇಗ್ನಿಷನ್ ಕೈಕೊಟ್ಟರೆ ಸ್ವಿಚ್ ಆಫ್ ಮಾಡಿದ ಹಾಗೆ ಒಂದೇ ಸಲ ನಿಲ್ಲುತ್ತದೆ. ಕಾರು ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ದಡಕ್ಕನೆ ಸೊನ್ನೆಗೆ ಬಿದ್ದರೆ ಪೆಟ್ರೋಲ್ ಮರೆತುಬಿಡಿ, ಇಗ್ನಿಷನ್ ಕಾಯಿಲ್ ಕಡೆ ಹೋಗಿ.

ಇನ್ನೊಂದು ಸುಲಭ ಪರೀಕ್ಷೆ ಇದೆ. ಜರ್ಕ್ ಹೊಡೆಯುವಾಗಲೇ ಚೋಕ್ ಸ್ವಲ್ಪ ಎಳೆಯಿರಿ. ಈ ಕಾರಿನ ಕಾರ್ಬೊರೇಟರೂ ಎಸ್‌ಯು ಹೆಸರಿನದೇ, ಅದರಲ್ಲಿ ಚೋಕ್ ಎಳೆದರೆ ಪೆಟ್ರೋಲ್ ಜಾಸ್ತಿ ಬರುತ್ತದೆ. ಆಗ ಕಾರು ಸುಧಾರಿಸಿದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಅಂತ ಅರ್ಥ. ಇನ್ನೂ ಹದಗೆಟ್ಟರೆ ಪೆಟ್ರೋಲ್ ಜಾಸ್ತಿಯಾಗಿದೆ ಅಥವಾ ತೊಂದರೆ ಬೇರೆ ಕಡೆ ಇದೆ.

ಒಂದು ಎಚ್ಚರಿಕೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕಂಡೆನ್ಸರ್ ಬಿಸಿಯಾದಾಗ ಕೆಡುವುದುಂಟು. ಅದು ಥೇಟ್ ಪೆಟ್ರೋಲ್ ಇಲ್ಲದ ಕಾರಿನ ಹಾಗೇ ನಾಟಕ ಮಾಡುತ್ತದೆ. ಹಳೆ ಮೇಸ್ತ್ರಿಗಳು "ಕಾರ್ಬೊರೇಟರ್ ರೋಗಕ್ಕೆ ಮದ್ದು ಡಿಸ್ಟ್ರಿಬ್ಯೂಟರ್‌ನಲ್ಲಿ" ಅಂತ ನಗುವುದು ಸುಮ್ನೆ ಅಲ್ಲ.

ಕೀ ತಿರುಗಿಸಿದರೆ ಹಿಂದೆ ಟಿಕ್ ಟಿಕ್ ಅನ್ನುತ್ತದೆ. ಅದು ಸರಿಯಾ?

ಸರಿ ಮಾತ್ರ ಅಲ್ಲ, ಅರ್ಧ ಕಾಯಿಲೆಯನ್ನು ಆ ಸದ್ದೇ ಹೇಳಿಬಿಡುತ್ತದೆ. ಮೊದಲು ಪಂಪು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಳ್ಳೋಣ. ಒಳಗೆ ಒಂದು ಕಾಯಿಲು, ಒಂದು ಡಯಾಫ್ರಾಮು (ಬಾಗುವ ಪೊರೆ), ಒಂದು ಸ್ಪ್ರಿಂಗು, ಕರೆಂಟ್ ಕೂಡಿಸಿ ಬಿಡಿಸುವ ಒಂದು ಜೊತೆ ಪಾಯಿಂಟು. ಕರೆಂಟ್ ಹರಿದಾಗ ಕಾಯಿಲು ಡಯಾಫ್ರಾಮನ್ನು ಎಳೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಒಳಗೆ ಬರುತ್ತದೆ. ಎಳೆತ ಮುಗಿಯುತ್ತಿದ್ದಂತೆ ಪಾಯಿಂಟು ಟಕ್ಕನೆ ಬಿಟ್ಟುಕೊಳ್ಳುತ್ತದೆ, ಕರೆಂಟ್ ನಿಲ್ಲುತ್ತದೆ. ಈಗ ಸ್ಪ್ರಿಂಗು ಡಯಾಫ್ರಾಮನ್ನು ತಳ್ಳಿ ಪೆಟ್ರೋಲನ್ನು ಮುಂದಕ್ಕೆ ಕಳಿಸುತ್ತದೆ. ತಳ್ಳಿ ಮುಗಿದ ಮೇಲೆ ಪಾಯಿಂಟು ಮತ್ತೆ ಕೂಡುತ್ತದೆ. ಅಂದರೆ ಪೆಟ್ರೋಲ್ ಎಳೆಯುವುದು ಕರೆಂಟು, ತಳ್ಳುವುದು ಸ್ಪ್ರಿಂಗು. ಇದೊಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಆರೋಗ್ಯವಾಗಿರುವ ಕಾರಿನಲ್ಲಿ ಕೀ ಹಾಕಿದ ಕೂಡಲೇ ಪಂಪು ಟಕಟಕ ಬಡಿದುಕೊಳ್ಳುತ್ತದೆ. ಕಾರ್ಬೊರೇಟರ್‌ಗಳ ಚೇಂಬರ್ ತುಂಬುತ್ತಿದ್ದಂತೆ ನಿಧಾನವಾಗಿ, ಆಮೇಲೆ ನಿಲ್ಲುತ್ತದೆ. ಸ್ಪ್ರಿಂಗು ತಳ್ಳುತ್ತಿದೆ, ಮುಂದೆ ಚೇಂಬರಿನ ಫ್ಲೋಟ್ ಮೇಲೆದ್ದು ಸೂಜಿಯಿಂದ ಬಾಗಿಲು ಮುಚ್ಚಿದೆ, ಆದ್ದರಿಂದ ಸುಮ್ಮನೆ ಕೂತಿದೆ. ಎಂಜಿನ್ ಚಾಲೂ ಮಾಡದೆ ಹಾಗೇ ಬಿಟ್ಟರೆ ಅರ್ಧ ನಿಮಿಷಕ್ಕೊಂದು ಟಿಕ್ ಬಂದರೂ ಪರವಾಗಿಲ್ಲ.

ಟಕಟಕ ನಿಲ್ಲುವುದೇ ಇಲ್ಲ ಅಂದರೆ ಟ್ಯಾಂಕ್ ಖಾಲಿ, ಅಥವಾ ಟ್ಯಾಂಕಿಗೂ ಪಂಪಿಗೂ ನಡುವೆ ಎಲ್ಲೋ ಗಾಳಿ ಎಳೆದುಕೊಳ್ಳುತ್ತಿದೆ, ಇಲ್ಲವೇ ಮುಂದೆ ಎಲ್ಲೋ ಪೆಟ್ರೋಲ್ ಸುರಿಯುತ್ತಿದೆ. ನಗಬೇಡಿ, ಟ್ಯಾಂಕ್ ಖಾಲಿ ಅನ್ನುವುದನ್ನು ನಿಜಕ್ಕೂ ನೋಡಿಕೊಳ್ಳಿ. ಈ ಕಾರುಗಳ ಪೆಟ್ರೋಲ್ ಮುಳ್ಳನ್ನು ನಂಬಿ ಕೆಟ್ಟವರು ಬಹಳ ಜನ.

ಎರಡು ಮೂರು ಸೆಕೆಂಡಿಗೊಂದು ಟಿಕ್ ಬರುತ್ತಲೇ ಇದ್ದರೆ ಯಾವುದೋ ಫ್ಲೋಟ್ ಸೂಜಿ ಸರಿಯಾಗಿ ಕೂರುತ್ತಿಲ್ಲ, ಅಥವಾ ಪಂಪಿನೊಳಗಿನ ವಾಲ್ವಿನಲ್ಲಿ ಕಸ ಸಿಕ್ಕಿದೆ. ಓಡುವಾಗ ಎಂಜಿನ್ ಪೆಟ್ರೋಲಿಗಾಗಿ ಒದ್ದಾಡುತ್ತಿದೆ, ಪಂಪು ಮಾತ್ರ ಸೋಮಾರಿಯ ಹಾಗೆ ನಿಧಾನಕ್ಕೆ ಟಿಕ್... ಟಿಕ್... ಅನ್ನುತ್ತಿದೆ ಅಂದರೆ ದಾರಿ ಕಟ್ಟಿದೆ ಅಥವಾ ಕರೆಂಟ್ ಸಾಲದು. ಸದ್ದೇ ಇಲ್ಲ, ಪೆಟ್ರೋಲೂ ಇಲ್ಲ ಅಂದರೆ ಮುಂದಿನ ಪ್ರಶ್ನೆಗೆ ಹೋಗಿ.

ಪಂಪು ಬಾಯೇ ಬಿಡುತ್ತಿಲ್ಲ. ಹೊಡೆದರೆ ಸರಿಹೋಗುತ್ತದೆ ಅನ್ನುತ್ತಾರೆ, ನಿಜವಾ?

ನಿಜ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಒಂದೆರಡು ಏಟು ಕೊಟ್ಟರೆ ಎಷ್ಟೋ ಸಲ ಮತ್ತೆ ಬಡಿಯಲು ಶುರುಮಾಡುತ್ತದೆ. ಬಹಳ ದಿನ ನಿಂತ ಕಾರಿನಲ್ಲಿ ಪಾಯಿಂಟಿನ ಮೇಲೆ ಮಸಿ, ತುಕ್ಕು ಕೂತಿರುತ್ತದೆ, ಏಟಿಗೆ ಅದು ಸ್ವಲ್ಪ ಸರಿಯುತ್ತದೆ. ಆದರೆ ಅದು ಮನೆ ಸೇರುವುದಕ್ಕೆ ಮಾತ್ರ. ಏಟಿಗೆ ಎದ್ದ ಪಂಪು ಇನ್ನೊಮ್ಮೆ ಮಲಗೇ ಮಲಗುತ್ತದೆ, ಅದೂ ಘಾಟಿಯ ಮಧ್ಯದಲ್ಲಿ.

ಏಟಿಗೂ ಏಳಲಿಲ್ಲವೇ? ಹೊಸ ಪಂಪು ತರಿಸುವ ಮುಂಚೆ ಕರೆಂಟ್ ಬರುತ್ತಿದೆಯಾ ನೋಡಿ. ಇದಕ್ಕೆ ಮಲ್ಟಿಮೀಟರ್‌ಗಿಂತ ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬು ವಾಸಿ. ಯಾಕೆ ಅಂದರೆ ಮೀಟರಿಗೆ ಕರೆಂಟೇ ಬೇಡ. ವಯರಿನ ಒಂದೇ ಒಂದು ಎಳೆ ಉಳಿದಿದ್ದರೂ 12 ವೋಲ್ಟ್ ಅಂತ ತೋರಿಸುತ್ತದೆ. ಬಲ್ಬು ಉರಿಯಲು ಎರಡು ಆಂಪಿಯರ್ ಹತ್ತಿರ ಬೇಕು, ಪಂಪಿಗೂ ಹೆಚ್ಚುಕಮ್ಮಿ ಅಂಥದೇ ಹೊರೆ. ಬಲ್ಬು ಸುಳ್ಳು ಹೇಳುವುದಿಲ್ಲ.

ಕೀ ಆಫ್ ಮಾಡಿ, ಪಂಪಿಗೆ ಬರುವ ಬಿಳಿ ವಯರನ್ನು ಬಿಚ್ಚಿ ಬಲ್ಬಿನ ಒಂದು ಕಡೆಗೆ ಕೊಡಿ. ಇನ್ನೊಂದು ಕಡೆಯನ್ನು ಬಾಡಿಯ ಹೊಳೆಯುವ ಕಬ್ಬಿಣಕ್ಕೆ ಹಿಡಿಸಿ. ಈಗ ಕೀ ಹಾಕಿ. ಬಲ್ಬು ಜೋರಾಗಿ ಉರಿದರೆ ಬಿಳಿ ವಯರ್ ಸರಿ. ಮಂಕಾಗಿದ್ದರೆ ಅಥವಾ ಉರಿಯದಿದ್ದರೆ ದಾರಿಯಲ್ಲಿರುವ ಒಂದೊಂದೇ ಬುಲೆಟ್ ಕನೆಕ್ಟರ್ ಎಳೆದು ನೋಡಿ, ಯಾವುದರಲ್ಲೋ ಹಸಿರು ಪಾಚಿ ಕಟ್ಟಿರುತ್ತದೆ. ಅಮೆರಿಕಕ್ಕೆ ಕಳಿಸಿದ ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪಂಪು ನಿಲ್ಲಿಸುವ ಇನರ್ಷಿಯಾ ಸ್ವಿಚ್ ಒಂದು ಇದೆ. ದೊಡ್ಡ ಗುಂಡಿಗೆ ಇಳಿದಾಗಲೂ ಅದು ಹಾರಿಕೊಳ್ಳಬಹುದು. ಮತ್ತೆ ಒತ್ತಿದರೆ ಆಯಿತು.

ಇನ್ನು ಎರಡನೇ ಅರ್ಧ. ಬಲ್ಬಿನ ಒಂದು ಕಡೆ ಬಿಳಿ ವಯರಿಗೇ ಇರಲಿ. ಇನ್ನೊಂದು ಕಡೆಯನ್ನು ಬಾಡಿಯಿಂದ ತೆಗೆದು ಪಂಪಿನ ಕಪ್ಪು ಅರ್ತ್ ವಯರಿಗೆ ಕೊಡಿ. ಬಲ್ಬು ಈಗ ಮಂಕಾದರೆ ನಿಮ್ಮ ಅರ್ತ್ ಕೆಟ್ಟಿದೆ. ಎರಡೂ ಸಲ ಜೋರಾಗಿ ಉರಿಯಿತು, ಆದರೂ ಪಂಪು ಸುಮ್ಮನಿದೆ ಅಂದರೆ ಮಾತ್ರ ಪಂಪಿನ ಮೇಲೆ ತಪ್ಪು ಹೊರಿಸಿ.

ಹೊಸ ಪಂಪು ಹಾಕಿಸಿದೆ. ಆದರೂ ಅದೇ ಕಥೆ. ಪಂಪು ಡೂಪ್ಲಿಕೇಟಾ?

ಆಗಿರಬಹುದು. ಆದರೆ ನನ್ನ ಕಥೆ ಕೇಳಿ. ಒಂದು ಭಾನುವಾರ ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ, ರಾಮನಗರ ದಾಟುವ ಮುಂಚೆಯೇ ಕಾರು ಕೆಮ್ಮಿ ಕೆಮ್ಮಿ ನಿಂತಿತು. ಪಂಪು ನಿಧಾನಕ್ಕೆ ಬಡಿಯುತ್ತಿತ್ತು. ಸರಿ, ಪಂಪು ಮುದಿಯಾಯಿತು ಅಂದುಕೊಂಡು ಇಂಗ್ಲೆಂಡಿನಿಂದ ಹೊಸದು ತರಿಸಿದೆ. ಪಂಪಿಗಿಂತ ಕಸ್ಟಮ್ಸೇ ಜಾಸ್ತಿ ನೋವು ಕೊಟ್ಟಿತು. ಹಾಕಿದೆ. ಎರಡು ವಾರ ಚೆನ್ನಾಗಿ ಓಡಿತು. ಮೂರನೇ ವಾರ ಮತ್ತೆ ಅದೇ ರಸ್ತೆ, ಅದೇ ಕೆಮ್ಮು.

ಕೊನೆಗೆ ಸಿಕ್ಕಿದ್ದು ಎಲ್ಲಿ ಗೊತ್ತಾ? ಹಿಂದಿನ ನಂಬರ್ ಪ್ಲೇಟಿನ ಬೋಲ್ಟಿನಲ್ಲಿ. ಪಂಪಿನ ಕಪ್ಪು ವಯರ್ ಹೋಗಿ ಅರ್ತ್ ಆಗುವುದು ಆ ಬೋಲ್ಟಿನ ಹತ್ತಿರ. ಯಾರೋ ಬಾಡಿಗೆ ಬಣ್ಣ ಹೊಡೆಸಿದಾಗ ಬೋಲ್ಟಿನ ಕೆಳಗೂ ಬಣ್ಣ ಹೋಗಿತ್ತು, ಮೇಲೆ ತುಕ್ಕು. ಹೊಸ ಪಂಪು ಹಾಕುವಾಗ ನಾನು ವಯರನ್ನು ಅಲ್ಲಾಡಿಸಿದ್ದಕ್ಕೆ ಎರಡು ವಾರ ಸರಿಹೋಗಿತ್ತು, ಅಷ್ಟೇ. ಉಪ್ಪು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದೆ. ಖರ್ಚು ಸೊನ್ನೆ. ಹಳೇ ಪಂಪನ್ನೇ ಮತ್ತೆ ಹಾಕಿ ನೋಡಿದೆ, ಅದೂ ಗಟ್ಟಿಮುಟ್ಟಾಗಿ ಬಡಿಯಿತು.

ಅದಕ್ಕೇ ಹೇಳುವುದು: ಸಾಮಾನು ಬದಲಿಸಿ ರೋಗ ಹುಡುಕಬೇಡಿ, ಅಳೆದು ಹುಡುಕಿ. ಅಳೆಯಲು ಬೇಕಾದ್ದು ಒಂದು ಬಲ್ಬು, ಒಂದು ಬಾಟಲಿ.

ಬಾಟಲಿಯಲ್ಲಿ ಏನು ಅಳೆಯುವುದು?

ಪಂಪು ನಿಮಿಷಕ್ಕೆ ಎಷ್ಟು ಪೆಟ್ರೋಲ್ ಕೊಡುತ್ತದೆ ಅನ್ನುವುದನ್ನು. ಕಾರ್ಬೊರೇಟರಿಗೆ ಬರುವ ರಬ್ಬರ್ ಪೈಪನ್ನು ಬಿಚ್ಚಿ, ಉದ್ದ ಸಾಲದಿದ್ದರೆ ಇನ್ನೊಂದು ತುಂಡು ಸೇರಿಸಿ, ಅಳತೆ ಗೆರೆ ಇರುವ ಪಾರದರ್ಶಕ ಬಾಟಲಿಯೊಳಗೆ ಬಿಡಿ. ಇಗ್ನಿಷನ್ ಕಾಯಿಲಿಗೆ ಹೋಗುವ ಬಿಳಿ ವಯರ್ ತೆಗೆದಿಡಿ (ಪಂಪಿನದಲ್ಲ), ಎಂಜಿನ್ ನಿಂತಿರುವಾಗ ಕೀ ಹಾಕಿಟ್ಟರೆ ಆ ಕಾಯಿಲು ಸುಮ್ನೆ ಬಿಸಿಯಾಗುತ್ತದೆ. ಒಬ್ಬರು ಬಾಟಲಿ ಹಿಡಿಯಲಿ, ಇನ್ನೊಬ್ಬರು ಕೀ ಹಾಕಿ ಗಡಿಯಾರ ನೋಡಲಿ.

ನಿಮಿಷಕ್ಕೆ ಕನಿಷ್ಠ ಒಂದು ಬ್ರಿಟಿಷ್ ಪೈಂಟ್, ಅಂದರೆ 568 ಮಿ.ಲೀ. ಬರಬೇಕು. ಆರೋಗ್ಯವಂತ ಪಂಪು ಒಂದು ಲೀಟರಿನ ಆಸುಪಾಸು ಕೊಡುತ್ತದೆ. ಇದು ದೊಡ್ಡ ಬೇಡಿಕೆಯೇನಲ್ಲ. ಲೆಕ್ಕ ಹಾಕಿ ನೋಡಿ: ಗಂಟೆಗೆ 100 ಕಿ.ಮೀ. ವೇಗದಲ್ಲಿ ಲೀಟರಿಗೆ 10 ಕಿ.ಮೀ. ಕೊಟ್ಟರೆ ಗಂಟೆಗೆ 10 ಲೀಟರ್, ನಿಮಿಷಕ್ಕೆ 170 ಮಿ.ಲೀ. ಕೂಡ ಇಲ್ಲ. ಪೂರ್ತಿ ಒತ್ತಿ ಘಾಟಿ ಹತ್ತಿಸಿದಾಗ ಅರ್ಧ ಲೀಟರ್ ಹತ್ತಿರ ಬೇಕಾಗಬಹುದು. ಹಾಗಾಗಿ 300 ಮಿ.ಲೀ. ಕೊಡುವ ಪಂಪಿನ ಕಾರು ಊರೊಳಗೆ ಚೆನ್ನಾಗೇ ಓಡುತ್ತದೆ, ಹೈವೇಯಲ್ಲಿ ಜೋರಾಗಿ ಒತ್ತಿದಾಗ ಮಾತ್ರ ಕೈಕೊಡುತ್ತದೆ. "ಸಿಟಿಯಲ್ಲಿ ಏನೂ ತೊಂದರೆ ಇಲ್ಲ ಸಾರ್, ಹೊರಗೆ ಹೋದರೆ ಮಾತ್ರ" ಅನ್ನುವ ಮಾತಿನ ಹಿಂದೆ ಇರುವುದು ಈ ಲೆಕ್ಕವೇ.

ಒಂದು ನಿಮಿಷಕ್ಕೆ ನಿಲ್ಲಿಸಬೇಡಿ. ಎರಡು ಮೂರು ನಿಮಿಷ ಬಿಡಿ. ಮೊದಲು ಜೋರಾಗಿ ಬಂದು ಆಮೇಲೆ ಸೊರಗಿದರೆ ಟ್ಯಾಂಕಿನಲ್ಲಿ ಕಸವೋ, ಮುಚ್ಚಳದ ಗಾಳಿ ತೂತು ಕಟ್ಟಿದ್ದೋ ಇರಬೇಕು. ಬಂದ ಪೆಟ್ರೋಲನ್ನೂ ಬಿಸಾಡಬೇಡಿ. ಹತ್ತು ನಿಮಿಷ ಅಲ್ಲಾಡಿಸದೆ ಇಟ್ಟು ತಳ ನೋಡಿ. ಕೆಂಪು ಪುಡಿ ಇದ್ದರೆ ತುಕ್ಕು. ತಳದಲ್ಲಿ ಗುಳ್ಳೆಯ ಹಾಗೆ ಬೇರೆಯಾಗಿ ಹೊರಳಾಡುವ ಹನಿ ಇದ್ದರೆ ನೀರು. ಕಪ್ಪು ಚೂರುಗಳಿದ್ದರೆ ರಬ್ಬರ್ ಪೈಪು ಒಳಗಿನಿಂದ ಕರಗುತ್ತಿದೆ.

ಪೆಟ್ರೋಲಿನ ಜೊತೆ ಗುಳ್ಳೆ ಗುಳ್ಳೆ ಬರುತ್ತಿದೆ. ಆದರೆ ಎಲ್ಲೂ ಸೋರುತ್ತಿಲ್ಲವಲ್ಲ?

ಸೋರುವುದಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪು ಹೀರುವ ಪೈಪು. ಅಲ್ಲಿ ಬಿರುಕು ಬಿಟ್ಟರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಪೈಪಿನ ತುದಿಯನ್ನು ಬಾಟಲಿಯ ಪೆಟ್ರೋಲಿನಲ್ಲಿ ಮುಳುಗಿಸಿಟ್ಟು ನೋಡಿ. ಶುರುವಿನಲ್ಲಿ ನಾಲ್ಕು ಗುಳ್ಳೆ ಸಹಜ, ಬೇಗ ನಿಲ್ಲಬೇಕು. ನಿಲ್ಲದೆ ಬರುತ್ತಲೇ ಇದ್ದರೆ ಪಂಪಿನ ಹಿಂದಿನ ಪೈಪು, ಕ್ಲಿಪ್ಪು, ಟ್ಯಾಂಕಿನ ಜಾಯಿಂಟು ನೋಡಿ. ಟ್ಯಾಂಕಿನೊಳಗೆ ಇಳಿದಿರುವ ಪೈಪಿನಲ್ಲಿ ಸಣ್ಣ ತೂತಾಗಿದ್ದರೂ ಹೀಗೇ. ಆಗ ಟ್ಯಾಂಕ್ ತುಂಬಿದ್ದಾಗ ಕಾರು ಸರಿ, ಅರ್ಧಕ್ಕಿಳಿದ ಮೇಲೆ ತಕರಾರು.

20 ನಿಮಿಷ ಚೆನ್ನಾಗಿ ಓಡುತ್ತದೆ, ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಸರಿಹೋಗುತ್ತದೆ. ದೆವ್ವವಾ?

ಮುಚ್ಚಳ. ನಿಂತ ಕೂಡಲೇ ಇಳಿದು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಉಸ್ ಅಂತ ಗಾಳಿ ಒಳಗೆ ಎಳೆದುಕೊಂಡರೆ ಸಿಕ್ಕಿಬಿದ್ದ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಟ್ಯಾಂಕಿಗೆ ಬರಬೇಕು. ಹಳೆಯ ಎಂಜಿಬಿಗಳಲ್ಲಿ ಆ ಗಾಳಿ ಮುಚ್ಚಳದ ತೂತಿನಿಂದಲೇ ಬರುತ್ತದೆ. 1970ರ ನಂತರ ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಮುಚ್ಚಳಕ್ಕೆ ತೂತಿಲ್ಲ, ಗಾಳಿ ಇದ್ದಿಲಿನ ಡಬ್ಬಿಯ (ಪೆಟ್ರೋಲ್ ಆವಿ ಹಿಡಿದಿಡುವ ಡಬ್ಬಿ) ಪೈಪಿನಿಂದ ಬರುತ್ತದೆ. ತೂತಿಲ್ಲದ ಮುಚ್ಚಳವನ್ನು ಹಳೆಯ ಕಾರಿಗೆ ಹಾಕಿದರೆ ಮೇಲೆ ಹೇಳಿದ ದೆವ್ವ ಹಾಜರ್.

ಉಸ್ ಅನ್ನಲಿಲ್ಲವೇ? ಹಾಗಾದರೆ ಟ್ಯಾಂಕಿನೊಳಗೆ ಹೀರುವ ಪೈಪಿನ ಬಾಯಿಗೆ ಕಸ ಬಂದು ಅಂಟುತ್ತಿದೆ. ಎಂಜಿನ್ ನಿಂತ ಮೇಲೆ ಅದೇ ಕೆಳಗೆ ಬೀಳುತ್ತದೆ, ಮತ್ತೆ ಹೊರಟ ಮೇಲೆ ಮತ್ತೆ ಅಂಟುತ್ತದೆ. ಪಂಪಿನ ಹಿಂದಿನ ಪೈಪು ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು, ಸೈಕಲ್ ಪಂಪಿನಲ್ಲಿ ಟ್ಯಾಂಕಿನ ಕಡೆಗೆ ಗಾಳಿ ಹೊಡೆಯಿರಿ. ಒಳಗೆ ಗುಳುಗುಳು ಸದ್ದು ಸುಲಭವಾಗಿ ಬರಬೇಕು. ಪಂಚರ್ ಅಂಗಡಿಯ ಕಂಪ್ರೆಸರ್ ಬೇಡ, ಅಷ್ಟು ಒತ್ತಡ ಈ ವಯಸ್ಸಿನ ಟ್ಯಾಂಕಿಗೆ ಒಳ್ಳೆಯದಲ್ಲ. ಪೈಪು ಬಿಚ್ಚದೆ ಪಂಪಿನ ಮೂಲಕ ಹೊಡೆಯಲೂಬೇಡಿ, ವಾಲ್ವು ಹಾಳಾಗುತ್ತದೆ.

ಗಾಳಿ ಹೊಡೆದಾಗ ಸರಿಹೋಗಿ ಒಂದೆರಡು ದಿನದಲ್ಲಿ ಮತ್ತೆ ಶುರುವಾದರೆ ಟ್ಯಾಂಕ್ ಇಳಿಸಲೇಬೇಕು. ಇಳಿಸಿದಾಗ ಮೇಲ್ಭಾಗ ನೋಡಿ. ಟ್ಯಾಂಕಿನ ತಲೆಗೂ ಡಿಕ್ಕಿಯ ತಳಕ್ಕೂ ಮಧ್ಯೆ ಮಣ್ಣು, ತೇವ ಸೇರಿಕೊಂಡು ಹೊರಗಿನಿಂದಲೇ ತುಕ್ಕು ಹಿಡಿದಿರುತ್ತದೆ. ಹಾಗೆ ತೂತಾದ ಟ್ಯಾಂಕು ತುಂಬಿಸಿದಾಗ ಮಾತ್ರ ವಾಸನೆ ಹೊಡೆಯುತ್ತದೆ. ಖಾಲಿ ಟ್ಯಾಂಕಿಗೆ ವೆಲ್ಡಿಂಗ್ ಮಾಡಿಸುವ ಯೋಚನೆ ಬಿಟ್ಟುಬಿಡಿ. ಖಾಲಿ ಟ್ಯಾಂಕಿನಲ್ಲಿ ತುಂಬಿರುವುದು ಪೆಟ್ರೋಲಿನ ಆವಿ, ಅದು ಬಾಂಬು. ಹೊಸ ಟ್ಯಾಂಕು ಈಗಲೂ ತಯಾರಾಗುತ್ತದೆ.

ಪಂಪು ಸರಿ, ಬಾಟಲಿಯೂ ತುಂಬಿತು. ಆದರೂ ಪಿಕಪ್ ಇಲ್ಲ. ಈಗ?

ಈಗ ಕಾರ್ಬೊರೇಟರ್. ಮೊದಲು ನಾಲ್ಕು ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಜೋಡಿ ಎಸ್‌ಯು ಇರುವ ಕಾರಿನಲ್ಲಿ ಮುಂದಿನ ಕಾರ್ಬೊರೇಟರ್ 1, 2ನೇ ಸಿಲಿಂಡರಿಗೆ, ಹಿಂದಿನದು 3, 4ಕ್ಕೆ. ಎರಡು ಪ್ಲಗ್ಗು ಸುಣ್ಣದ ಹಾಗೆ ಬೆಳ್ಳಗಿದ್ದು ಇನ್ನೆರಡು ಕಂದು ಬಣ್ಣಕ್ಕಿದ್ದರೆ ಬೆಳ್ಳಗಿರುವ ಕಡೆಯ ಕಾರ್ಬೊರೇಟರಿಗೆ ಪೆಟ್ರೋಲ್ ಸಾಲುತ್ತಿಲ್ಲ. ನಾಲ್ಕೂ ಬೆಳ್ಳಗಿದ್ದರೆ ಮತ್ತೆ ಹಿಂದಕ್ಕೆ, ಪಂಪು ಟ್ಯಾಂಕಿನ ಕಡೆಗೆ ಹೋಗಿ.

ಹಳೆಯ ಎಚ್‌ಎಸ್4 ಮಾದರಿಯಲ್ಲಿ ಫ್ಲೋಟ್ ಚೇಂಬರ್ ಪಕ್ಕದಲ್ಲೇ ಇದೆ, ಮೂರು ಸ್ಕ್ರೂ ಬಿಚ್ಚಿದರೆ ಮುಚ್ಚಳ ಬರುತ್ತದೆ. ಒಳಗೆ ಸೂಜಿ ಸಿಕ್ಕಿಕೊಂಡಿದೆಯಾ, ತಳದಲ್ಲಿ ಕೆಸರು ಇದೆಯಾ ನೋಡಿ. ಮುಚ್ಚಳವನ್ನು ತಲೆಕೆಳಗು ಮಾಡಿ ಹಿಡಿದಾಗ ಫ್ಲೋಟಿಗೂ ಮುಚ್ಚಳದ ಅಂಚಿಗೂ ನಡುವೆ 3 ಮಿ.ಮೀ.ಗಿಂತ ಸ್ವಲ್ಪ ದಪ್ಪದ ಡ್ರಿಲ್ ಬಿಟ್ ಹಿಡಿಸಬೇಕು. ನಂತರ ಬಂದ ಎಚ್‌ಐಎಫ್4ನಲ್ಲಿ ಫ್ಲೋಟ್ ಕಾರ್ಬೊರೇಟರಿನ ಹೊಟ್ಟೆಯೊಳಗೇ ಇದೆ, ನೋಡಲು ಕಾರ್ಬೊರೇಟರನ್ನೇ ಇಳಿಸಬೇಕು. 1975ರಿಂದ ಅಮೆರಿಕದ ಕಾರುಗಳಿಗೆ ಒಂದೇ ಒಂದು ಸ್ಟ್ರಾಂಬರ್ಗ್ ಕಾರ್ಬೊರೇಟರ್ ಕೊಟ್ಟರು. ಅದರ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ, ಮುಂದಕ್ಕೆ ಹೋಗೋಣ.

ಹಾಗೇ ಕಾರ್ಬೊರೇಟರಿನೊಳಗಿನ ಪಿಸ್ಟನ್ನನ್ನು ಬೆರಳಿನಿಂದ ಮೇಲೆತ್ತಿ ಬಿಡಿ. ಟಕ್ ಅಂತ ಸದ್ದು ಮಾಡಿ ತಳಕ್ಕೆ ಕೂರಬೇಕು. ಅರ್ಧದಲ್ಲೇ ತಡೆದರೆ ಅದು ಪೆಟ್ರೋಲಿನ ದೋಷವಲ್ಲ, ಪಿಸ್ಟನ್ ಅಂಟುತ್ತಿದೆ. ಮೇಲಿನ ಡ್ಯಾಂಪರಿನಲ್ಲಿ ಎಣ್ಣೆ ಇದೆಯಾ ಅಂತಲೂ ನೋಡಿ. ಎಣ್ಣೆ ಇಲ್ಲದಿದ್ದರೆ ಒತ್ತಿದ ಕ್ಷಣ ಎಂಜಿನ್ ತಡವರಿಸುತ್ತದೆ, ಜನ ಪಂಪನ್ನು ಬೈಯುತ್ತಾರೆ.

ನಮ್ಮದು ಉಲ್ಟಾ. ಕಾರ್ಬೊರೇಟರಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದೆ.

ಕೀ ಆಫ್ ಮಾಡಿ, ಆಮೇಲೆ ಓದಿ. ಸೂಜಿಯ ಬಾಯಲ್ಲಿ ಕಸ ಸಿಕ್ಕಿದೆ, ಅಥವಾ ಫ್ಲೋಟ್ ತೂತಾಗಿದೆ. ಚೇಂಬರಿಗೆ ಸ್ಕ್ರೂಡ್ರೈವರ್ ಹಿಡಿಯಲ್ಲಿ ಮೆಲ್ಲಗೆ ತಟ್ಟಿದರೆ ಕಸ ಸರಿದು ನಿಲ್ಲಬಹುದು. ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಎಳನೀರಿನ ಹಾಗೆ ಒಳಗೆ ಸದ್ದು ಬಂದರೆ ಬಿಸಾಡಿ.

ಪೇಟೆಯಲ್ಲಿ ಸಿಗುವ ಯಾವುದಾದರೂ ಎಲೆಕ್ಟ್ರಿಕ್ ಪಂಪು ಹಾಕಬಹುದಾ?

ಯಾವುದಾದರೂ ಅಲ್ಲ. ಎಸ್‌ಯು ಪಂಪಿನ ಒತ್ತಡ ಸುಮಾರು 3 ಪಿಎಸ್‌ಐ ಮಾತ್ರ. ಇಂಜೆಕ್ಷನ್ ಕಾರಿನ ಪಂಪು 40 ಪಿಎಸ್‌ಐ ಆಸುಪಾಸು ತಳ್ಳುತ್ತದೆ. ಅದನ್ನು ಇಲ್ಲಿ ಹಾಕಿದರೆ ಪುಟ್ಟ ಸೂಜಿ ತಡೆಯಲಾರದು, ಪೆಟ್ರೋಲ್ ನೇರ ಬಿಸಿ ಎಕ್ಸಾಸ್ಟಿನ ಮೇಲೆ. ಕಾರ್ಬೊರೇಟರಿಗೆಂದೇ ಮಾಡಿದ, ಒತ್ತಡ ಬರೆದಿರುವ ಪಂಪು ಆದರೆ ಹಾಕಿ.

ಇನ್ನೊಂದು ಮುಖ್ಯ ವಿಷಯ. 1967ರವರೆಗಿನ ಎಂಜಿಬಿಗಳು ಪಾಸಿಟಿವ್ ಅರ್ತ್. ಅಂದರೆ ಬ್ಯಾಟರಿಯ ಪ್ಲಸ್ ಬಾಡಿಗೆ. ಈಗ ಬರುವ ಎಲೆಕ್ಟ್ರಾನಿಕ್ ಪಂಪುಗಳಿಗೆ ದಿಕ್ಕು ಇದೆ, ಉಲ್ಟಾ ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತವೆ. ಹಳೆಯ ಕಾರನ್ನು ಯಾರಾದರೂ ನೆಗೆಟಿವ್‌ಗೆ ಬದಲಿಸಿದ್ದಾರಾ ಇಲ್ಲವಾ ಅಂತ ಬ್ಯಾಟರಿ ನೋಡಿ ಖಚಿತ ಮಾಡಿಕೊಂಡೇ ಆರ್ಡರ್ ಮಾಡಿ.

ಫಿಲ್ಟರ್ ಎಲ್ಲಿ ಹಾಕಬೇಕು?

ಪಂಪಿನ ನಂತರ, ಎಂಜಿನ್ ಕಡೆ. ಪಂಪಿನ ಹಿಂದೆ ಹಾಕಿದ ಫಿಲ್ಟರ್ ಕಟ್ಟಿದರೆ ಪಂಪು ಎಳೆಯಲಾರದೆ ಅರ್ಧಕ್ಕೆ ನಿಲ್ಲುತ್ತದೆ, ಕಾಯಿಲಿಗೆ ಕರೆಂಟ್ ಹರಿಯುತ್ತಲೇ ಇದ್ದು ಬಿಸಿಯಾಗುತ್ತದೆ. ಮುಂದೆ ಕಟ್ಟಿದರೆ ಸ್ಪ್ರಿಂಗು ಸುಮ್ಮನೆ ಕೂತಿರುತ್ತದೆ, ಏನೂ ಸುಡುವುದಿಲ್ಲ.

ಟ್ರಾಫಿಕ್ಕಿನಲ್ಲಿ ನಿಂತು ನಿಂತು ಹೋದರೆ ಕಾರು ಸಾಯುತ್ತದೆ. ಏರ್ ಲಾಕಾ?

ಬಿಸಿಯ ತೊಂದರೆ ಇರಬಹುದು. ಈ ಎಂಜಿನ್ನಿನಲ್ಲಿ ಕಾರ್ಬೊರೇಟರೂ ಎಕ್ಸಾಸ್ಟೂ ಒಂದೇ ಪಕ್ಕ, ಒಂದರ ಮೇಲೊಂದು. ನಡುವೆ ಒಂದು ತಗಡಿನ ಮರೆ ಇರುತ್ತದೆ. ಯಾರಾದರೂ ಕಾರ್ಬೊರೇಟರ್ ಬಿಚ್ಚಿದಾಗ ಆ ಮರೆಯನ್ನು ತೆಗೆದು ಮೂಲೆಗೆ ಎಸೆದಿದ್ದರೆ, ಮೊದಲು ಅದನ್ನು ಹುಡುಕಿ ಹಾಕಿ. ಪಂಪು ಹಿಂದಿನಿಂದ ತಳ್ಳುವುದರಿಂದ ಪೈಪಿನಲ್ಲಿ ಆವಿ ಕಟ್ಟುವುದು ಕಮ್ಮಿ. ಕುದಿಯುವುದು ಹೆಚ್ಚಾಗಿ ಫ್ಲೋಟ್ ಚೇಂಬರಿನಲ್ಲಿ. ಅದರ ಗುರುತು: ಬಿಸಿ ಕಾರನ್ನು ಹತ್ತು ಹದಿನೈದು ನಿಮಿಷ ನಿಲ್ಲಿಸಿದ ಮೇಲೆ ಸ್ಟಾರ್ಟ್ ಆಗಲು ಹಟ, ಆದಮೇಲೆ ಒಂದು ನಿಮಿಷ ಮಿಸ್ಸಿಂಗ್, ಆಮೇಲೆ ಸರಿ. ಏನೂ ಮಾಡಬೇಡಿ, ಒಂದು ಕಾಫಿ ಕುಡಿದು ಬನ್ನಿ.

ಇ20 ಪೆಟ್ರೋಲ್ ಬಂದ ಮೇಲೆ ಈ ತೊಂದರೆ ಜಾಸ್ತಿಯಾಯಿತಾ?

ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಮಾಮೂಲಿ ಪೆಟ್ರೋಲ್ ಇ10. 60ರ ದಶಕದ ಕಾರಿಗೆ ಎರಡೂ ಹೊಸ ಪಥ್ಯ.

ತೊಂದರೆ ಮೂರು ಬಗೆ. ಒಂದು, ಹಳೆಯ ರಬ್ಬರ್. ಎಥನಾಲ್ ಅದನ್ನು ಒಳಗಿನಿಂದ ಸುಲಿಯುತ್ತದೆ, ಆ ಚೂರುಗಳು ಸೂಜಿಯ ಬಾಯಿಗೆ ಹೋಗಿ ಕೂರುತ್ತವೆ. ಜೆ30 ಆರ್9 ಅಂತ ಅಚ್ಚು ಇರುವ ಪೈಪನ್ನೇ ಕೇಳಿ ತನ್ನಿ, ಮೀಟರ್ ಲೆಕ್ಕದಲ್ಲಿ ಕೊಡುವ ಹೆಸರಿಲ್ಲದ ಕಪ್ಪು ಪೈಪು ಬೇಡ. ಎರಡು, ಎಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮಳೆಗಾಲ ಪೂರ್ತಿ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ನೀರು ಬೇರೆಯಾಗಿ ತಳಕ್ಕೆ ಕೂರಬಹುದು, ಹೀರುವ ಪೈಪು ಇರುವುದೂ ತಳದಲ್ಲೇ. ಮೂರು, ಮಿಶ್ರಣ ತೆಳುವಾಗುತ್ತದೆ. ಶುದ್ಧ ಪೆಟ್ರೋಲ್ ಒಂದು ಕೆ.ಜಿ.ಗೆ 14.7 ಕೆ.ಜಿ. ಗಾಳಿ ಬೇಕು, ಇ20ಗೆ 13.5ರ ಹತ್ತಿರ ಸಾಕು. ಜೆಟ್ ಹಳೆಯ ಜಾಗದಲ್ಲೇ ಇದ್ದರೆ ಎಂಜಿನ್ನಿಗೆ ಪೆಟ್ರೋಲ್ ಸಾಲದು ಅನ್ನಿಸುವುದು ಸಹಜ. ಎಚ್‌ಎಸ್4ನಲ್ಲಿ ಜೆಟ್ಟಿನ ಕೆಳಗಿನ ನಟ್ಟನ್ನು ಎರಡೂ ಕಾರ್ಬೊರೇಟರಿನಲ್ಲಿ ಸಮನಾಗಿ, ಒಂದೊಂದೇ ಮುಖ ಕೆಳಗಿಳಿಸಿ ನೋಡಿ. ಆದರೆ ಬಾಟಲಿ ಪರೀಕ್ಷೆ ಮುಗಿಯುವ ಮುಂಚೆ ಆ ನಟ್ಟು ಮುಟ್ಟಬೇಡಿ. ಪಂಪಿನ ದೋಷವನ್ನು ಜೆಟ್ಟಿನಲ್ಲಿ ಮುಚ್ಚಿಟ್ಟರೆ ಮುಂದೆ ಎರಡನ್ನೂ ಹುಡುಕಬೇಕಾಗುತ್ತದೆ.

ದೂರ ಹೋಗುವಾಗ ಡಿಕ್ಕಿಯಲ್ಲಿ ಏನಿಟ್ಟುಕೊಂಡಿರಬೇಕು?

ವಯರ್ ಸೇರಿಸಿದ ಬಲ್ಬು, ಒಂದು ಮೀಟರ್ ಪೆಟ್ರೋಲ್ ಪೈಪು, ನಾಲ್ಕು ಕ್ಲಿಪ್ಪು, ಒಂದು ಫಿಲ್ಟರ್, ಎರಡು ಫ್ಲೋಟ್ ಸೂಜಿ, ಉಪ್ಪು ಕಾಗದ, ಒಂದು ಕಂಡೆನ್ಸರ್. ಪಂಪು ಇಟ್ಟುಕೊಳ್ಳುವುದು ನಿಮ್ಮಿಷ್ಟ. ನಾನು ಇಟ್ಟುಕೊಂಡಿದ್ದೇನೆ, ಕೊಂಡಾಗಿತ್ತಲ್ಲ.

ಟಿಕ್ ಟಿಕ್ ಸದ್ದು ತಲೆ ತಿನ್ನುತ್ತದೆ. ನಿಲ್ಲಿಸಲು ಆಗುತ್ತಾ?

ಪಂಪು ಕೂತಿರುವ ರಬ್ಬರ್ ಗಟ್ಟಿಯಾಗಿದ್ದರೆ ಅಥವಾ ಹರಿದಿದ್ದರೆ ಬದಲಿಸಿ, ಅರ್ಧ ಸದ್ದು ಇಳಿಯುತ್ತದೆ. ಅದಕ್ಕಿಂತ ಜಾಸ್ತಿ ಇಳಿಸಬೇಡಿ. ಮೊದಮೊದಲು ನಮ್ಮ ಮನೆಯವರೂ ಈ ಸದ್ದಿಗೆ ಬೈಯುತ್ತಿದ್ದರು. ಹೋದ ತಿಂಗಳು ಗೇಟಿನ ಹತ್ತಿರ ಕಾರು ನಿಂತಿದ್ದಾಗ ಅಡುಗೆಮನೆ ಕಿಟಕಿಯಿಂದಲೇ ಕೂಗಿ ಹೇಳಿದರು: "ರೀ, ಇವತ್ತು ಯಾಕೋ ನಿಲ್ಲದೆ ಬಡ್ಕೊಳ್ತಾ ಇದೆ, ಪೆಟ್ರೋಲ್ ಇದೆಯಾ ನೋಡಿ." ಇರಲಿಲ್ಲ.